ಹ್ಯಾಂಡ್ ಪ್ಯಾಲೆಟ್ ಟ್ರಾಲಿಯ ಬುಶ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಭೋಸರಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಶೆಡ್ ಇದೆ. ಸಾಮಾನು ಪೇರಿಸಿದ ಹಲಗೆಯ (ಪ್ಯಾಲೆಟ್) ಅಡಿಗೆ ಎರಡು ಉದ್ದ ಕಬ್ಬಿಣದ ಫೋರ್ಕ್ ತೂರಿಸಿ, ಪಂಪ್ ಹೊಡೆದು ಎತ್ತಿ, ಕೈಯಿಂದ ಎಳೆಯುವ ಪ್ಯಾಲೆಟ್ ಟ್ರಾಲಿಗಳೇ ಹೆಚ್ಚಾಗಿ ಬರುತ್ತವೆ. ಚಾಕಣ, ಭಿವಂಡಿ, ತಳೋಜಾ, ಗೋವಾದ ವೆರ್ಣಾ, ಎಲ್ಲಾ ಕಡೆಯ ಗೋಡೌನುಗಳಲ್ಲೂ ನಮ್ಮವರಿದ್ದಾರೆ. ಟ್ರಾಲಿ ಎಳೆಯುವವರು ವಿಜಯಪುರ, ಬಾಗಲಕೋಟೆ, ಗದಗಿನ ಹುಡುಗರು. ಲೆಕ್ಕದ ಕುರ್ಚಿಯಲ್ಲಿ ಕುಂದಾಪುರದವರೋ ಉಡುಪಿಯವರೋ ಇರುತ್ತಾರೆ. ಕನ್ನಡ ಬರುವ ಮೆಕ್ಯಾನಿಕ್ ಒಬ್ಬ ಸಿಕ್ಕರೆ ಫೋನ್ ಇಡುವುದೇ ಇಲ್ಲ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಉತ್ತರ ನನ್ನದು.

## ಮೊದಲು ಗೊತ್ತಿರಬೇಕಾದದ್ದು

ಬುಶ್ ಅಂದ್ರೆ ಏನು? ಬೇರಿಂಗೇ ಅಲ್ವಾ?

ಅಲ್ಲ. ಬೇರಿಂಗಿನ ಒಳಗೆ ಗುಂಡುಗಳು ಉರುಳುತ್ತವೆ. ಬುಶ್ ಒಂದು ಬಳೆಯ ಹಾಗೆ, ಅದರ ಒಳಗೆ ಪಿನ್ ಉಜ್ಜಿಕೊಂಡು ಆಡುತ್ತದೆ. ಗರಗರ ಸುತ್ತುವ ಜಾಗಕ್ಕೆ ಬೇರಿಂಗ್ ಬೇಕು. ಟ್ರಾಲಿ ಚಕ್ರದಲ್ಲಿ ಹೆಚ್ಚಾಗಿ ಕಾಣುವ 6204 ಅಂಥದ್ದು. ಅದರ ಒಳಗಿನ ತೂತು 20 ಮಿ.ಮೀ., ಹೊರಗಿನ ಸುತ್ತು 47, ದಪ್ಪ 14. ಸ್ವಲ್ಪ ಮಾತ್ರ ಹಿಂದೆ ಮುಂದೆ ಆಡುವ ಕೀಲಿಗೆ ಬುಶ್ ಸಾಕು.

ಬುಶ್ ಇರುವುದೇ ಸವೆಯಲಿಕ್ಕೆ. ಪಿನ್ನು, ತೋಳು, ಫೋರ್ಕು ಸವೆಯುವ ಮೊದಲು ತಾನು ಸವೆಯಬೇಕು, ಅಷ್ಟೇ ಅದರ ಕೆಲಸ. ಅದು ಸವೆದಿದೆ ಎಂದು ಯಾರಾದರೂ ಬೇಜಾರು ಮಾಡಿಕೊಂಡರೆ ನನಗೆ ನಗು ಬರುತ್ತದೆ.

ಟ್ರಾಲೀಲಿ ಬುಶ್ ಎಲ್ಲೆಲ್ಲಿ ಇರುತ್ತೆ?

ಹ್ಯಾಂಡಲಿನಿಂದ ಶುರು ಮಾಡಿ. ಹ್ಯಾಂಡಲ್ ಪಂಪಿಗೆ ಸೇರುವ ಅಡ್ಡ ಪಿನ್ನಿನ ಎರಡೂ ಕಡೆ ಬುಶ್ ಇರುತ್ತದೆ. ಪಂಪಿನ ಪಿಸ್ಟನ್ ಒತ್ತುವ ಸಣ್ಣ ರೋಲರಿನ ಒಳಗೂ ಒಂದು. ಅಲ್ಲಿಂದ ಕೆಳಗೆ ಬಗ್ಗಿ ನೋಡಿದರೆ, ಪಂಪ್ ಮೇಲೆದ್ದಾಗ ತಿರುಗುವ ತೋಳು ಕಾಣುತ್ತದೆ. ಅದರ ಕೀಲುಗಳಲ್ಲಿ ಬುಶ್ ಇವೆ. ಆ ತೋಳಿನಿಂದ ಪ್ರತಿ ಫೋರ್ಕಿನ ಅಡಿಯಲ್ಲಿ ಒಂದೊಂದು ಉದ್ದ ರಾಡ್ ಮುಂದಕ್ಕೆ ಹೋಗುತ್ತದೆ, ಅದರ ಎರಡೂ ತುದಿಗೆ ಪಿನ್ ಇದೆ. ಕೊನೆಗೆ ಫೋರ್ಕಿನ ತುದಿಯಲ್ಲಿ ರೋಲರ್ ಹಿಡಿದಿರುವ ಚೌಕಟ್ಟು. ಎಲ್ಲಕ್ಕಿಂತ ಜಾಸ್ತಿ ಹೊಡೆತ ತಿನ್ನುವುದು ಆ ಚೌಕಟ್ಟಿನ ಕೀಲು. ನೆಲಕ್ಕೆ ಹತ್ತಿರ ಇರುವುದರಿಂದ ಧೂಳು, ನೀರು, ಸ್ಟ್ರಾಪಿಂಗ್ ಪಟ್ಟಿಯ ಚೂರು ಎಲ್ಲಾ ಅಲ್ಲಿಗೇ ಸೇರುತ್ತವೆ.

ಎಲ್ಲಾ ಮಾಡೆಲಿನಲ್ಲೂ ಎಲ್ಲಾ ಜಾಗದಲ್ಲಿ ಬುಶ್ ಇರುವುದಿಲ್ಲ. ಅಗ್ಗದ ಟ್ರಾಲಿಯಲ್ಲಿ ಕೆಲವು ಕಡೆ ಪಿನ್ ನೇರವಾಗಿ ಕಬ್ಬಿಣದ ತೂತಿನಲ್ಲೇ ಆಡುತ್ತಿರುತ್ತದೆ. ಕೊಳ್ಳುವ ಮೊದಲು ಒಮ್ಮೆ ಮಗುಚಿ ನೋಡಿ.

ರಬ್ಬರ್ ಬುಶ್ ಕೊಡಿ ಅಂದ್ರೆ ಅಂಗಡಿಯವ ನಗ್ತಾನೆ. ಯಾಕೆ?

ಅವನು ನಗಬಾರದಿತ್ತು. ಆದರೆ ಕಾರಣ ಇದೆ. ಟ್ರಾಲಿಯ ಭಾರ ಹೊರುವ ಕೀಲುಗಳಲ್ಲಿ ರಬ್ಬರ್ ಬುಶ್ ಇರುವುದಿಲ್ಲ. ಅಲ್ಲಿರುವುದು ನೈಲಾನ್, ಗನ್‌ಮೆಟಲ್ (ಒಂದು ಜಾತಿಯ ಕಂಚು), ಇಲ್ಲವೇ ಉಕ್ಕಿನ ತಗಡು ಸುತ್ತಿ ಮಾಡಿದ ತೆಳು ಬುಶ್. ಕರಿ ನೈಲಾನ್ ಗ್ರೀಸಿನಲ್ಲಿ ನೆಂದರೆ ಥೇಟ್ ರಬ್ಬರಿನ ಹಾಗೇ ಕಾಣುತ್ತದೆ. ಅದಕ್ಕೆ ಎಲ್ಲರೂ ರಬ್ಬರ್ ಬುಶ್ ಅನ್ನುತ್ತಾರೆ. ಬೈಕಿನ ಶಾಕ್ ಅಬ್ಸಾರ್ಬರಿನ ತುದಿಯಲ್ಲಿ ನಿಜವಾದ ರಬ್ಬರ್ ಬುಶ್ ಇದೆಯಲ್ಲ, ಆ ಹೆಸರೇ ಇಲ್ಲಿಗೂ ಬಂದಿರಬೇಕು.

ಹಾಗಂತ ಟ್ರಾಲಿಯಲ್ಲಿ ರಬ್ಬರೇ ಇಲ್ಲ ಅಂತಲ್ಲ. ಹ್ಯಾಂಡಲ್ ಹಿಂದಕ್ಕೆ ಬಿದ್ದಾಗ ತಗಲುವ ಗುಂಡಿ (ಬಟನ್), ಹಿಡಿಕೆ, ಕೆಲವು ಚಕ್ರದ ಹೊರಪದರ, ಪಂಪಿನ ಒಳಗೆ ಎಣ್ಣೆ ಸೋರದಂತೆ ತಡೆಯುವ ಬಳೆ ಅಂದರೆ ಓ-ರಿಂಗ್, ಇವೆಲ್ಲ ರಬ್ಬರೇ. ಆದ್ದರಿಂದ ಯಾರಾದರೂ ರಬ್ಬರ್ ಬುಶ್ ಎಂದರೆ ನನ್ನ ಮೊದಲ ಪ್ರಶ್ನೆ ಒಂದೇ: ಯಾವ ತೂತಿನದು? ಬೆರಳಿಟ್ಟು ಫೋಟೋ ತೆಗೆದು ಕಳಿಸಿ. ಉಗುರು ಒತ್ತಿದರೆ ತಗ್ಗಾಗಿ ಮತ್ತೆ ಎದ್ದು ಬಂದರೆ ರಬ್ಬರ್. ಉಗುರು ಜಾರಿದರೆ ನೈಲಾನ್.

ಬುಶ್ ಹೋಗಿದೆ ಅಂತ ಹೇಗೆ ಗೊತ್ತಾಗೋದು?

ಖಾಲಿ ಟ್ರಾಲಿಯ ಹ್ಯಾಂಡಲ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಪಂಪ್ ಅಲ್ಲಾಡದೆ ಹ್ಯಾಂಡಲ್ ಮಾತ್ರ ಆಡಿದರೆ ಹ್ಯಾಂಡಲಿನ ಬುಶ್ ಹೋಗಿದೆ. ಮೊದಲ ಎರಡು ಸಲ ಪಂಪ್ ಹೊಡೆದಾಗ ಫೋರ್ಕ್ ಏಳದೆ ಬರೀ ಕಟಕಟ ಸದ್ದು ಬಂದರೆ ತೋಳಿನ ಕಡೆ ನೋಡಿ. ಕೀಲುಗಳಲ್ಲಿ ಸೇರಿಕೊಂಡ ಸಡಿಲವನ್ನೆಲ್ಲ ನುಂಗಿದ ಮೇಲೇ ಫೋರ್ಕ್ ಏಳುತ್ತದೆ. ಸಾಮಾನ್ಯ ಟ್ರಾಲಿಯ ಫೋರ್ಕ್ ಕೆಳಗಿದ್ದಾಗ 85 ಮಿ.ಮೀ., ಪೂರ್ತಿ ಎದ್ದಾಗ 200 ಮಿ.ಮೀ. ಎತ್ತರ ಇರುತ್ತದೆ. ಅಳೆದು ನೋಡಿ. 190ಕ್ಕೇ ನಿಂತು, ಎಣ್ಣೆ ಸರಿಯಾಗಿದ್ದರೆ, ಉಳಿದದ್ದನ್ನು ಸವೆದ ಪಿನ್ನು ಬುಶ್ಶುಗಳೇ ತಿಂದಿವೆ.

ಕಿವಿಯೂ ಹೇಳುತ್ತದೆ. ಕಿರ್ ಎಂದರೆ ಗ್ರೀಸ್ ಇಲ್ಲ. ಟಕ್ ಎಂದರೆ ಸಡಿಲ.

ಎತ್ತಿದ ಮ್ಯಾಲೆ ತಾನ ಕೆಳಗ ಇಳೀತೈತ್ರಿ. ಬುಶ್ ಹಾಕಿ ಕೊಡ್ರಿ.

ಅದು ಬುಶ್ಶಿನ ಕಾಯಿಲೆ ಅಲ್ಲ. ಪಂಪಿನ ಒಳಗೆ ಎಣ್ಣೆ ವಾಪಸ್ ಸೋರುತ್ತಿದೆ. ಇಳಿಸುವ ಲಿವರಿನ ಚೇನು ತೀರಾ ಬಿಗಿಯಾಗಿದೆಯಾ ಎಂದು ಮೊದಲು ನೋಡಿ. ಬಿಗಿಯಾಗಿದ್ದರೆ ವಾಲ್ವು ಸದಾ ಚೂರು ತೆರೆದೇ ಇರುತ್ತದೆ. ಹೊಂದಾಣಿಕೆಯ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ, ಖರ್ಚು ಸೊನ್ನೆ. ಆಗದಿದ್ದರೆ ವಾಲ್ವಿನ ಕೂರುವ ಜಾಗದಲ್ಲಿ ಕಸ ಇರಬಹುದು, ಓ-ರಿಂಗ್ ಹೋಗಿರಬಹುದು.

ಏಳುವುದೇ ಇಲ್ಲ ಎಂದರೆ ಗಾಳಿ ಸೇರಿರುತ್ತದೆ. ಇಳಿಸುವ ಲಿವರ್ ಒತ್ತಿ ಹಿಡಿದು ಹದಿನೈದು ಸಲ ಪಂಪ್ ಹೊಡೆಯಿರಿ.

ಒಂದ್ ಬುಶ್ ಹೋದ್ರೆ ಏನ್ ಮಹಾ? ಓಡೋವರೆಗೂ ಓಡ್ಲಿ ಅಂತಾರೆ ನಮ್ಮ ಸೇಠ್.

ಸೇಠ್‌ಗೆ ಹೀಗೆ ಹೇಳಿ. ಬುಶ್ಶಿನದು ವಡಾಪಾವಿನ ಲೆಕ್ಕ. ಪಿನ್ನಿನದು ಥಾಲಿಯ ಲೆಕ್ಕ. ಪಂಪಿನದು ಹುಡುಗನ ಸಂಬಳದ ಲೆಕ್ಕ. ಬುಶ್ ಪೂರ್ತಿ ಸವೆದ ಮೇಲೆ ಪಿನ್ ಕಬ್ಬಿಣಕ್ಕೆ ಉಜ್ಜುತ್ತದೆ. ತೂತು ಅಗಲವಾಗುತ್ತದೆ. ತೋಳು ಓರೆಯಾಗಿ ಪಂಪಿನ ದಂಡವನ್ನು ಒಂದು ಕಡೆಗೆ ನೂಕುತ್ತದೆ. ದಂಡ ಓರೆಯಾದರೆ ಸೀಲು ಹರಿಯುತ್ತದೆ. ಆಗ ಮೇಲಿನ ಪ್ರಶ್ನೆಯ ಕಾಯಿಲೆಯೂ ಶುರು.

## ಅಳತೆ ಮತ್ತು ಅಂಗಡಿ

ಕಂಪನಿ ಹೆಸ್ರು ಹೇಳ್ತೀನಿ, ಬುಶ್ ಕಳಿಸ್ತೀರಾ?

ಹೆಸರು ಸಾಲದು. ಗೋದ್ರೇಜ್ ಇರಲಿ, ನೀಲ್‌ಕಮಲ್ ಇರಲಿ, ಹೆಸರಿಲ್ಲದ ಆಮದು ಟ್ರಾಲಿ ಇರಲಿ, ಒಂದೇ ಹೆಸರಿನಡಿ ಬೇರೆ ಬೇರೆ ವರ್ಷ ಬೇರೆ ಬೇರೆ ಪಂಪ್ ಬಂದಿರುತ್ತದೆ. ಹೊರಗಿನಿಂದ ಅವಳಿ ಜವಳಿ ಥರ ಕಾಣುವ ಎರಡು ಟ್ರಾಲಿಯಲ್ಲಿ ಒಂದರ ಪಿನ್ 20 ಮಿ.ಮೀ., ಇನ್ನೊಂದರದು 18 ಇದ್ದೀತು. ಟ್ರಾಲಿಯ ತಗಡಿನ ಪಟ್ಟಿಯಲ್ಲಿರುವ ಮಾಡೆಲ್ ನಂಬರ್, ತಯಾರಾದ ವರ್ಷ, ಆಮೇಲೆ ಅಳತೆ, ಮೂರೂ ಕಳಿಸಿ.

ಅಳತೆ ಎಂದರೆ ಮೂರು ಅಂಕಿ: ಪಿನ್ನಿನ ದಪ್ಪ, ಬುಶ್ ಕೂರುವ ತೂತಿನ ಅಗಲ, ಬುಶ್ಶಿನ ಉದ್ದ. ಅಂಚಿಗೆ ಕಾಲರ್ ಇದ್ದರೆ ಅದರ ಅಗಲ ಮತ್ತು ದಪ್ಪ ಬೇರೆ. ಹಳೆಯ ಬುಶ್ ಅಳೆಯಬೇಡಿ. ಅದು ಸವೆದಿದೆ, ಹೊರಗೆ ತೆಗೆಯುವಾಗ ಚಪ್ಪಟೆಯೂ ಆಗಿರುತ್ತದೆ. ಸುತ್ತಿದ ತಗಡಿನ ಹೊಸ ಬುಶ್ಶನ್ನೂ ಕೈಯಲ್ಲಿ ಹಿಡಿದು ಅಳೆದರೆ ಮೋಸ ಹೋಗುತ್ತೀರಿ. ಸೀಳು ಬಿಚ್ಚಿಕೊಂಡು ಅದು ಚೂರು ದೊಡ್ಡದೇ ತೋರಿಸುತ್ತದೆ, ತೂತಿನಲ್ಲಿ ಕೂತ ಮೇಲೆ ಮಾತ್ರ ಸರಿ ಅಳತೆಗೆ ಬರುತ್ತದೆ. ಪಿನ್ನನ್ನು ಅಳೆಯುವಾಗ ಬುಶ್ ತಾಗದ ಕೊನೆಯಲ್ಲಿ ಅಳೆಯಿರಿ. ಅದೇ ಅದರ ಹುಟ್ಟಿದ ಅಳತೆ. ನಡುವೆ ಅಳೆದರೆ ಸವೆದ ಅಳತೆ. ಎರಡೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ವರ್ನಿಯರ್ (ಮಿ.ಮೀ.ಗಿಂತ ಸಣ್ಣ ಅಳತೆಯನ್ನೂ ತೋರಿಸುವ ಸಾಧನ) ಇಲ್ಲದವರು ಗೋಡೌನಿನ ಹತ್ತಿರದ ಲೇಥ್ (ಲೋಹ ಕಡೆಯುವ ಯಂತ್ರ) ಅಂಗಡಿಗೆ ಹೋಗಿ. ಒಂದು ಕಟಿಂಗ್ ಚಹಾಕ್ಕೆ ಅಳೆದು ಕೊಡುತ್ತಾರೆ. ಸ್ಕೇಲಿನಲ್ಲಿ ಅಳೆದು ಕಳಿಸಬೇಡಿ, ಕೈ ಮುಗಿಯುತ್ತೇನೆ.

ಮುಂಬೈ ನಾಗದೇವಿ ಸ್ಟ್ರೀಟಿಗೆ ಹೋದ್ರೆ ಏನಂತ ಕೇಳ್ಬೇಕು?

ಮಸ್ಜಿದ್ ಬಂದರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟೇ ದೂರ. ‘ರಬ್ಬರ್ ಬುಶ್’ ಎಂದು ಕೇಳಿದರೆ ನಿಮ್ಮನ್ನು ಗಾಡಿಯ ಸ್ಪೇರ್ ಅಂಗಡಿಗೆ ಕಳಿಸುತ್ತಾರೆ. ಬೇರಿಂಗ್ ಮಾರುವ ಅಂಗಡಿಗೆ ಹೋಗಿ ‘ಹ್ಯಾಂಡ್ ಪ್ಯಾಲೆಟ್ ಕಾ ಬುಶ್, ಬೀಸ್ ತೇಈಸ್ ಬೀಸ್’ ಎನ್ನಿ. ಅಂದರೆ ಪಿನ್ 20, ತೂತು 23, ಉದ್ದ 20. ಸುತ್ತಿದ ತಗಡಿನ ಬುಶ್‌ಗೆ ಈ ಅಳತೆಗಳು ಜೋಡಿ ಜೋಡಿಯಾಗಿ ಗೊತ್ತಾಗಿವೆ: 16ಕ್ಕೆ 18, 18ಕ್ಕೆ 20, 20ಕ್ಕೆ 23, 25ಕ್ಕೆ 28, 30ಕ್ಕೆ 34. ನಿಮ್ಮ ಅಳತೆ ಈ ಜೋಡಿಯಲ್ಲಿ ಕೂತರೆ ಕೆಲಸ ಸುಲಭ. ಕೂರದಿದ್ದರೆ ಲೇಥ್‌ನಲ್ಲಿ ಮಾಡಿಸಬೇಕು.

ಹಳೆಯ ಪಿನ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ತೂರಿಸಿ ನೋಡಬಹುದು. ಹೊಸ ತಗಡಿನ ಬುಶ್ ಬಿಡಿಯಾಗಿರುವಾಗ ಪಿನ್ ಸ್ವಲ್ಪ ಸಡಿಲ ಅನ್ನಿಸುತ್ತದೆ, ಗಾಬರಿ ಬೇಡ. ಪುಣೆಯವರು ಇಷ್ಟಕ್ಕೆ ಮುಂಬೈಗೆ ಹೋಗಬೇಕಿಲ್ಲ, ಭೋಸರಿ–ಪಿಂಪ್ರಿಯ ಬೇರಿಂಗ್ ಅಂಗಡಿಗಳಲ್ಲೇ ಸಿಗುತ್ತದೆ.

ನೈಲಾನ್ ಹಾಕ್ಲಾ, ಗನ್‌ಮೆಟಲ್ ಹಾಕ್ಲಾ, ಆ ಬೂದು ಬಣ್ಣದ ತೆಳು ಬುಶ್ ಹಾಕ್ಲಾ?

ಯಾವ ಜಾಗಕ್ಕೆ ಎಂದು ತಿಳಿಯದೆ ಹೇಳಿದರೆ ತಪ್ಪಾಗುತ್ತದೆ. ಆದರೂ ನನ್ನ ಒಲವು ಹೇಳಿಬಿಡುತ್ತೇನೆ. ಹ್ಯಾಂಡಲಿನ ಕೀಲಿಗೆ ನೈಲಾನ್ ಸಾಕು. ಭಾರ ಕಡಿಮೆ, ಸದ್ದಿಲ್ಲ, ಅಗ್ಗ. ತೋಳಿಗೂ ಫೋರ್ಕ್ ತುದಿಗೂ ತೆಳು ತಗಡಿನ ಬುಶ್, ಇಲ್ಲವೇ ಗನ್‌ಮೆಟಲ್.

ತೆಳು ಬುಶ್ಶಿನ ಹೊರಗೆ ಉಕ್ಕು, ನಡುವೆ ಕಂಚಿನ ಕಾಳಿನ ಪದರ, ಒಳಗೆ ಟೆಫ್ಲಾನಿನ ಬಲು ತೆಳು ಲೇಪ ಇರುತ್ತದೆ. ಗ್ರೀಸ್ ಇಲ್ಲದೆಯೂ ಓಡುತ್ತದೆ. ಆದರೆ ಅದರ ಒಳಗೆ ತೂತು ಹಿಗ್ಗಿಸುವ ರೀಮರ್ ಹಾಕಿದರೆ, ಮರಳು ಕಾಗದದಲ್ಲಿ ಉಜ್ಜಿದರೆ, ಲೇಪ ಹೋಗಿ ಬರೀ ತಗಡು ಉಳಿಯುತ್ತದೆ. ಧೂಳು ಜಾಸ್ತಿ ಇದ್ದರೂ ಕಷ್ಟ. ಸಿಮೆಂಟು, ಹಿಟ್ಟು, ಮಸಾಲೆ ತುಂಬಿದ ಗೋಡೌನಾದರೆ ನಾನು ಗನ್‌ಮೆಟಲ್ ಹಾಕಿ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಮೂತಿ) ಕೂರಿಸುತ್ತೇನೆ. ಹೊಸ ಗ್ರೀಸ್ ತುಂಬಿದಾಗಲೆಲ್ಲ ಹಳೆಯ ಕೊಳೆ ಹೊರಗೆ ಬರುತ್ತದೆ. ನವಿ ಮುಂಬೈ ವಾಶಿಯ ಎಪಿಎಂಸಿಯಲ್ಲಿ ಬೇಳೆಕಾಳು ಮಸಾಲೆ ಮಳಿಗೆಗಳ ನಡುವೆ ಓಡುವ ಟ್ರಾಲಿಗೆ ಇದೇ ಸರಿ.

ಕರಿ ರಬ್ಬರ್ ಎಲ್ಲಾ ಒಂದೇ ಅಲ್ವಾ?

ಇದರಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹ್ಯಾಂಡಲ್ ತಗಲುವ ಗುಂಡಿಗೂ ಪಂಪಿನ ಓ-ರಿಂಗಿಗೂ ಒಂದೇ ಕಡೆಯಿಂದ ಕರಿ ರಬ್ಬರ್ ತಂದೆ. ಗುಂಡಿ ಸರಿಯಾಗೇ ಇತ್ತು. ಓ-ರಿಂಗ್ ಎರಡು ವಾರದಲ್ಲಿ ನೆನೆದ ಕಡಲೆಯ ಹಾಗೆ ಊದಿಕೊಂಡಿತು. ತಪ್ಪು ಅಂಗಡಿಯವನದಲ್ಲ, ಏನು ರಬ್ಬರ್ ಎಂದು ನಾನು ಕೇಳಿರಲಿಲ್ಲ.

ಹೈಡ್ರಾಲಿಕ್ ಎಣ್ಣೆ ಎಂದರೆ ಖನಿಜ ಎಣ್ಣೆ. ಅದರಲ್ಲಿ ನೈಟ್ರೈಲ್ ರಬ್ಬರ್ ಬಾಳುತ್ತದೆ. ಸಹಜ ರಬ್ಬರ್ ಮತ್ತು ಇಪಿಡಿಎಂ ಎಂಬ ಇನ್ನೊಂದು ಜಾತಿಯ ರಬ್ಬರ್ ಊದಿಕೊಳ್ಳುತ್ತವೆ. ಇಪಿಡಿಎಂ ಬಿಸಿಲಿಗೆ, ನೀರಿಗೆ ಗಟ್ಟಿ, ಬ್ರೇಕ್ ಎಣ್ಣೆಗೂ ಗಟ್ಟಿ. ಅದಕ್ಕೇ ಗಾಡಿಯ ಬ್ರೇಕ್ ಸೀಲನ್ನು ಅಳತೆ ಹೊಂದಿತೆಂದು ಟ್ರಾಲಿಗೆ ಹಾಕಬಾರದು. ಟ್ರಾಲಿಯ ಪಂಪಿಗೆ ಬ್ರೇಕ್ ಎಣ್ಣೆ ಸುರಿಯುವುದಂತೂ ಬೇಡವೇ ಬೇಡ, ನೈಟ್ರೈಲ್ ಸೀಲು ಹಾಳಾಗುತ್ತದೆ. ಅನುಮಾನ ಬಂದರೆ ಒಂದು ಓ-ರಿಂಗ್ ಅಳೆದು, ಹೈಡ್ರಾಲಿಕ್ ಎಣ್ಣೆಯ ಬಾಟಲಿ ಮುಚ್ಚಳದಲ್ಲಿ ಮೂರು ದಿನ ನೆನೆಹಾಕಿ, ಮತ್ತೆ ಅಳೆಯಿರಿ. ಸುಟ್ಟು ವಾಸನೆ ನೋಡುವ ಚಟ ಕೆಲವರಿಗಿದೆ. ಗೋಡೌನಿನಲ್ಲಿ ಬೆಂಕಿ, ಮೇಲೆ ವಿಷದ ಹೊಗೆ. ಬಿಡಿ ಅದನ್ನು.

ಗಡಸುತನವನ್ನು ಶೋರ್ ಎ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಓ-ರಿಂಗ್ ಸಾಮಾನ್ಯವಾಗಿ 70. ಹೊಡೆತ ತಿನ್ನುವ ಗುಂಡಿಗೆ 60ರ ಆಸುಪಾಸು ಇದ್ದರೆ ಕೈಗೆ ಹಿತ.

## ಬಿಚ್ಚುವುದು, ಕೂರಿಸುವುದು

ನಾವೇ ಹಾಕ್ಬಹುದಾ? ಏನೇನ್ ಸಾಮಾನು ಬೇಕು?

ಫೋರ್ಕ್ ತುದಿಯ ಬುಶ್ ನೀವೇ ಹಾಕಬಹುದು. ಸುತ್ತಿಗೆ, ಲಾಕ್ ಪಿನ್ ಹೊಡೆಯುವ ಪಂಚು, ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಒಂದು ಸಲಾಕೆ, ಬೆಂಚ್ ವೈಸ್, ಚಿಂದಿ ಬಟ್ಟೆ, ಡೀಸೆಲ್ ಅಥವಾ ಸೀಮೆ ಎಣ್ಣೆ ಇದ್ದರೆ ಸಾಕು.

ಸಾಮಾನು ಇಳಿಸಿ, ಫೋರ್ಕ್ ಪೂರ್ತಿ ಕೆಳಗೆ ತನ್ನಿ. ಟ್ರಾಲಿಯ ತೂಕ ಸುಮಾರು 70–80 ಕೆ.ಜಿ. ಇಬ್ಬರು ಹಿಡಿದು ರಟ್ಟಿನ ಮೇಲೆ ಮಗ್ಗುಲಿಗೆ ಮಲಗಿಸಿ. ಎಣ್ಣೆ ಹಾಕುವ ಬಿರಡೆ ಮೇಲ್ಗಡೆ ಬರುವ ಹಾಗಿರಲಿ. ಲಾಕ್ ಪಿನ್ ಹೊಡೆದು ತೆಗೆಯಿರಿ, ಅದನ್ನು ಮತ್ತೆ ಬಳಸಬೇಡಿ. ದೊಡ್ಡ ಪಿನ್ನನ್ನು ಹಿತ್ತಾಳೆ ಸಲಾಕೆಯಿಂದಲೇ ಹೊಡೆಯಿರಿ. ಕಬ್ಬಿಣದಿಂದ ಹೊಡೆದರೆ ತುದಿ ಅಣಬೆಯಂತೆ ಅರಳಿ ತೂತಿನಿಂದ ಹೊರಗೆ ಬರುವುದೇ ಇಲ್ಲ. ಫೋರ್ಕ್ ಎತ್ತಿ ಅಡಿಗೆ ಕೈ ಹಾಕುವ ಕೆಲಸ ಮಾತ್ರ ಯಾವತ್ತೂ ಬೇಡ. ಎತ್ತಲೇಬೇಕಾದರೆ ಅಡಿಗೆ ಮರದ ದಿಮ್ಮಿ ಕೊಡಿ, ಪಂಪನ್ನು ನಂಬಬೇಡಿ.

ಹ್ಯಾಂಡಲಿನ ಬುಶ್ ಕಥೆ ಬೇರೆ. ಪಂಪಿನ ಸ್ಪ್ರಿಂಗ್ ಹ್ಯಾಂಡಲನ್ನು ಸದಾ ಮೇಲಕ್ಕೆ ನೂಕುತ್ತಿರುತ್ತದೆ. ಹ್ಯಾಂಡಲನ್ನು ಕೆಳಕ್ಕೆ ಒತ್ತಿ, ಸ್ಪ್ರಿಂಗ್ ತಡೆಯುವ ಪಿನ್ ಹಾಕಿ, ಆಮೇಲೇ ಬಿಚ್ಚಬೇಕು. ಇಲ್ಲದಿದ್ದರೆ ಮುಖಕ್ಕೆ ಸಿಡಿಯುತ್ತದೆ. ಇನ್ನೊಂದು ವಿಷಯ. ಹೆಚ್ಚಿನ ಟ್ರಾಲಿಗಳಲ್ಲಿ ಆ ಅಡ್ಡ ಪಿನ್ನಿನ ನಡುವೆ ಒಂದು ತೂತಿದೆ, ಇಳಿಸುವ ಚೇನು ಅದರೊಳಗೇ ಹಾದುಹೋಗುತ್ತದೆ. ಪಿನ್ ತಿರುಗಿದ ಹಾಗೆ ಕೂತರೆ ಚೇನು ಸಿಕ್ಕಿಹಾಕಿಕೊಂಡು ಹರಿಯುತ್ತದೆ. ಬಿಚ್ಚುವ ಮೊದಲು ಪಿನ್ನಿನ ತಲೆಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ.

ಬುಶ್ ಒಳಗೆ ಹೋಗ್ತಾನೇ ಇಲ್ಲ. ಸುತ್ತಿಗೇಲಿ ಹೊಡೀಲಾ?

ಹೊಡೆದರೆ ತೆಳು ಬುಶ್ಶಿನ ಅಂಚು ಮಡಚಿಕೊಳ್ಳುತ್ತದೆ, ನೈಲಾನ್ ಓರೆಯಾಗಿ ಸೀಳುತ್ತದೆ. ಒಂದು ಉದ್ದ ಬೋಲ್ಟು, ನಟ್ಟು, ಎರಡು ದಪ್ಪ ವಾಷರ್ ತಗೊಳ್ಳಿ. ತೂತಿನ ಆಚೆಯಿಂದ ಬೋಲ್ಟ್ ತೂರಿಸಿ, ಈಚೆ ಬುಶ್, ವಾಷರ್, ನಟ್ಟು. ನಿಧಾನವಾಗಿ ಬಿಗಿದರೆ ಬುಶ್ ತಾನೇ ನೇರವಾಗಿ ಒಳಗೆ ಎಳೆದುಕೊಳ್ಳುತ್ತದೆ. ಮೊದಲು ತೂತಿನ ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯಿರಿ. ಬುಶ್ಶನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಚೂರು ಕುಗ್ಗಿ ಸುಲಭವಾಗುತ್ತದೆ. ತೂತಿನ ಕಡೆ ಗ್ಯಾಸ್ ಬೆಂಕಿ ಹಿಡಿಯಬೇಡಿ, ಪಕ್ಕದಲ್ಲೇ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ರೋಲರ್ ಇದೆ. ಸುತ್ತಿದ ಬುಶ್ಶಿನ ಸೀಳು ಭಾರ ಬೀಳುವ ಕಡೆಗೆ ಬರದಂತೆ ತಿರುಗಿಸಿಟ್ಟುಕೊಂಡು ಶುರು ಮಾಡಿ.

ಹೊಸ ಬುಶ್ ಹಾಕಿ ಎರಡೇ ತಿಂಗ್ಳಿಗೆ ಮತ್ತೆ ಲೂಸು. ಡೂಪ್ಲಿಕೇಟ್ ಮಾಲಾ?

ಇರಬಹುದು. ಆದರೆ ಹತ್ತಕ್ಕೆ ಎಂಟು ಸಲ ನನಗೆ ಕಂಡದ್ದು ಬೇರೆ: ಪಿನ್ ಹಳೆಯದೇ ಹಾಕಿರುತ್ತಾರೆ. ನಾನೂ ಶುರುವಿನಲ್ಲಿ ಇದೇ ಮಾಡುತ್ತಿದ್ದೆ. ಗಿರಾಕಿ ಬುಶ್ ಕೇಳಿದ, ಬುಶ್ ಹಾಕಿದೆ. ಚಾಕಣದ ಒಬ್ಬರ ಟ್ರಾಲಿ ಒಂದೇ ವರ್ಷ ನಾಲ್ಕು ಸಲ ಬಂತು. ನಾಲ್ಕನೇ ಸಲ ಪಿನ್ ಮೇಲೆ ಉಗುರು ಆಡಿಸಿ ನೋಡಿದೆ. ನಡುವೆ ಮೆಟ್ಟಿಲು ಸಿಕ್ಕಿತು. ಆ ಮೆಟ್ಟಿಲಿನ ಅಂಚು ಹೊಸ ಬುಶ್ಶನ್ನು ತುರಿಮಣೆಯ ಹಾಗೆ ತುರಿಯುತ್ತಿತ್ತು. ಆ ಗಿರಾಕಿಯ ಹತ್ತಿರ ನಾಲ್ಕನೇ ಸಲದ ದುಡ್ಡು ತಗೊಳ್ಳಲು ಮುಖ ಬರಲಿಲ್ಲ.

ಈಗ ನನ್ನ ನಿಯಮ ಇದು. ಪಿನ್ನಿನ ಹುಟ್ಟಿದ ಅಳತೆಗೂ ಸವೆದ ಅಳತೆಗೂ 0.3 ಮಿ.ಮೀ. ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಿನ್ನೂ ಹೊಸದು. ಉಗುರಿಗೆ ಮೆಟ್ಟಿಲು ಸಿಕ್ಕರೆ ಅಳೆಯುವುದೂ ಬೇಡ, ಹೊಸದೇ ಹಾಕಿ. ಪಿನ್ ಮಾಡಿಸುವಾಗ ಇಎನ್‌8 ದರ್ಜೆಯ ಉಕ್ಕು ತಗೊಂಡು ಇಂಡಕ್ಷನ್ನಿನಲ್ಲಿ (ವಿದ್ಯುತ್ತಿನಿಂದ ಕಾಯಿಸುವ ವಿಧಾನ) ಮೇಲ್ಮೈ ಗಡಸು ಮಾಡಿಸಿ. ಹಸಿ ಕಬ್ಬಿಣದ ಪಿನ್ ಮಾಡಿಸಿದರೆ ಬುಶ್ ಉಳಿದು ಪಿನ್ ಹೋಗುತ್ತದೆ, ಅಂದರೆ ಕಥೆ ತಿರುಗುಮುರುಗು.

ಗ್ರೀಸ್ ಯಾವುದು? ಎಷ್ಟ್ ದಿನಕ್ಕೊಮ್ಮೆ?

ಲಿಥಿಯಂ ಗ್ರೀಸ್, ನಂಬರ್ 2. ದಿನವಿಡೀ ಓಡುವ ಟ್ರಾಲಿಗೆ 15 ದಿನಕ್ಕೊಮ್ಮೆ, ಉಳಿದವಕ್ಕೆ ತಿಂಗಳಿಗೊಮ್ಮೆ. ಗ್ರೀಸ್ ಗನ್ ಒತ್ತುವ ಮೊದಲು ನಿಪ್ಪಲ್ ಒರೆಸಿ, ಇಲ್ಲದಿದ್ದರೆ ಅದರ ಮೇಲಿನ ಮಣ್ಣನ್ನೇ ಒಳಗೆ ತಳ್ಳುತ್ತೀರಿ. ಅಡುಗೆ ಸಾಮಾನು, ಔಷಧಿ ಇರುವ ಕಡೆ ಆಹಾರ ದರ್ಜೆಯ ಎಚ್1 ಗ್ರೀಸ್ ಕೇಳಿ.

## ಮಳೆ, ಉಪ್ಪು, ಚಳಿ

ಜೂನ್ ಬಂತೆಂದರೆ ಟ್ರಾಲಿ ಬಿಗಿ ಆಗ್ತದೆ ಮಾರಾಯ್ರೆ, ದೀಪಾವಳಿಗೆ ತಾನೇ ಸರಿ ಆಗ್ತದೆ. ಇದೆಂಥ ಭೂತ?

ತಳೋಜಾದಿಂದ ಒಬ್ಬರು ಕೇಳಿದ್ದು. ಭೂತ ಅಲ್ಲ, ನೈಲಾನ್. ನೈಲಾನ್ 6 ನೀರು ಕುಡಿಯುತ್ತದೆ. ಪೂರ್ತಿ ನೆನೆದರೆ ತನ್ನ ತೂಕದ ಸುಮಾರು 9% ನೀರು ಹೀರಿ ಊದುತ್ತದೆ. ಹೊರಗೆ ಕಬ್ಬಿಣದ ತೂತು ಬಿಡುವುದಿಲ್ಲ, ಆದ್ದರಿಂದ ಒಳಕ್ಕೆ ಊದಿ ಪಿನ್ನನ್ನು ಹಿಡಿಯುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಅಳತೆ ಕೊಟ್ಟು ಮಾಡಿಸಿದ ಬುಶ್ ಮುಂಬೈ ಮಳೆಯಲ್ಲಿ ಖಂಡಿತ ಹಿಡಿಯುತ್ತದೆ. ಹುಡುಗರು ಆಗ ಹ್ಯಾಂಡಲಿಗೆ ಜೋತು ಬೀಳುತ್ತಾರೆ.

ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಕಿಸಿ. ಅಸಿಟಾಲ್ ಎಂದೂ ಕರೆಯುತ್ತಾರೆ. ಅದು ಹೀರುವ ನೀರು 1% ಕ್ಕಿಂತ ಕಡಿಮೆ. ನೈಲಾನೇ ಇರಲಿ ಎನ್ನುವುದಾದರೆ ಸಡಿಲ ಜಾಸ್ತಿ ಬಿಡಬೇಕು, ಎಷ್ಟು ಎಂದು ಕೆಳಗೆ ಬರೆದಿದ್ದೇನೆ.

ಇದೇ ಮಳೆಗಾಲ ಪಿಯು ರೋಲರುಗಳನ್ನೂ ತಿನ್ನುತ್ತದೆ. ಪಾಲಿಯೆಸ್ಟರ್ ಜಾತಿಯ ಪಿಯು ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಬಳಸದೆಯೂ ಹಳೆಯ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ವರ್ಷಕ್ಕಾಗುವಷ್ಟು ತಂದು ಕಪಾಟಿನಲ್ಲಿ ತುಂಬಿಡಬೇಡಿ.

ಅಣ್ಣಾ, ನಾವು ವಾಸ್ಕೋದಾಗ ಮೀನಿನ ಕೋಲ್ಡ್ ಸ್ಟೋರೇಜಿನ್ಯಾಗ ಅದೀವಿ. ಆರು ತಿಂಗಳಿಗೆ ಎಲ್ಲಾ ಪಿನ್ ಹಿಡದು ಕುಂದರತಾವ.

ನಿಮ್ಮದು ಎಲ್ಲರಿಗಿಂತ ಕಷ್ಟದ ಜಾಗ ತಮ್ಮಾ. ಮೀನಿನ ನೀರಿನಲ್ಲಿ ಉಪ್ಪು. ಒಳಗೆ ಮೈನಸ್ 18 ಡಿಗ್ರಿ, ಹೊರಗೆ ಗೋವಾದ ಸೆಕೆ. ಟ್ರಾಲಿ ಒಳಗಿನಿಂದ ಹೊರಗೆ ಬಂದ ಕೂಡಲೇ ತಣ್ಣನೆಯ ಕಬ್ಬಿಣದ ಮೇಲೆ ನೀರು ಕಟ್ಟುತ್ತದೆ. ಅದು ಬುಶ್ ಒಳಗೆ ಇಳಿದು, ಮತ್ತೆ ಒಳಗೆ ಹೋದಾಗ ಮಂಜುಗಡ್ಡೆಯಾಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಇದೇ ಆದರೆ ಯಾವ ಪಿನ್ ಉಳಿದೀತು?

ಆದಷ್ಟು ಒಂದು ಟ್ರಾಲಿ ಒಳಗೇ ಇರಲಿ, ಇನ್ನೊಂದು ಹೊರಗೇ ಇರಲಿ, ಬಾಗಿಲಲ್ಲಿ ಪ್ಯಾಲೆಟ್ ಬದಲಿಸಿ. ಇದಕ್ಕೆ ದುಡ್ಡು ಬೇಡ, ಸೂಪರ್‌ವೈಸರ್ ಒಪ್ಪಬೇಕು ಅಷ್ಟೇ. ಸಂಜೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ತುಂಬಿ. ನೀರಿಗೆ ಕೊಚ್ಚಿ ಹೋಗದ ಗ್ರೀಸ್ ಇರಲಿ. ಪಿನ್ ಸ್ಟೇನ್‌ಲೆಸ್ ಮಾಡಿಸಬಹುದು, ಆದರೆ ಸ್ಟೇನ್‌ಲೆಸ್ ಪಿನ್ನನ್ನು ಸ್ಟೇನ್‌ಲೆಸ್ ತೂತಿನಲ್ಲಿ ಬುಶ್ ಇಲ್ಲದೆ ಆಡಿಸಿದರೆ ಎರಡೂ ಕಚ್ಚಿಕೊಳ್ಳುತ್ತವೆ. ನಡುವೆ ಡೆಲ್ರಿನ್ ಬುಶ್ ಬೇಕೇ ಬೇಕು. ಒಳಗಿನ ಟ್ರಾಲಿ ನಿಧಾನವಾಗಿ ಇಳಿಯುತ್ತಿದ್ದರೆ ಬುಶ್ಶನ್ನು ಬೈಯಬೇಡಿ, ಚಳಿಗೆ ಎಣ್ಣೆ ದಪ್ಪವಾಗಿರುತ್ತದೆ. ಚಳಿಗೆಂದೇ ಸಿಗುವ ತೆಳು ಹೈಡ್ರಾಲಿಕ್ ಎಣ್ಣೆ ಹಾಕಿ.

## ಲೇಥ್‌ನವರ ಜೊತೆ ಕೂತು ಮಾತಾಡುವವರಿಗೆ

ಲೇಥ್‌ನವನು ‘ಕಿತನಾ ಲೂಸ್ ರಖೂಂ?’ ಅಂತಾನೆ. ಎಷ್ಟು ಹೇಳ್ಲಿ?

20 ಮಿ.ಮೀ. ಪಿನ್ನಿಗೆ ನಾನು ಹೇಳುವುದು: ಗನ್‌ಮೆಟಲ್ ಆದರೆ 0.05 ರಿಂದ 0.10 ಮಿ.ಮೀ. ಸಡಿಲ. ಡೆಲ್ರಿನ್ ಆದರೆ 0.10 ರಿಂದ 0.15. ನೈಲಾನ್ ಆದರೆ 0.20ರ ಆಸುಪಾಸು. ಈ ಸಡಿಲ ಬುಶ್ ಕೂರಿಸಿದ ಮೇಲೆ ಉಳಿಯಬೇಕು. ಇಲ್ಲೇ ಎಲ್ಲರೂ ಎಡವುವುದು. ತೂತಿಗಿಂತ 0.1 ದಪ್ಪ ಇರುವ ನೈಲಾನ್ ಬುಶ್ಶನ್ನು ಒತ್ತಿ ಕೂರಿಸಿದರೆ ಅದರ ಒಳಗಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ ಕಿರಿದಾಗುತ್ತದೆ. ಅದನ್ನು ಸೇರಿಸಿ ಹೇಳಿ, ಇಲ್ಲವೇ ಕೂರಿಸಿದ ಮೇಲೆ ಒಳಗೆ ಬೋರ್ ಹೊಡೆಸಿ. ಸುತ್ತಿದ ತಗಡಿನ ಬುಶ್ ಆದರೆ ಒಳಗೆ ಮುಟ್ಟುವ ಹಾಗಿಲ್ಲ, ತೂತನ್ನೇ ಸರಿ ಮಾಡಬೇಕು: 23ರ ತೂತು 23.00 ರಿಂದ 23.02 ಒಳಗೆ ಬರಲಿ.

ತೂತೇ ಮೊಟ್ಟೆ ಥರ ಆಗಿದೆ. ವೆಲ್ಡಿಂಗ್ ತುಂಬಿ ಮತ್ತೆ ಕೊರೆಸ್ಲಾ?

ಉಕ್ಕಿನ ತೋಳಾದರೆ ವೆಲ್ಡಿಂಗ್ ಆಗುತ್ತದೆ, ಆದರೆ ಕಾದು ಸೊಟ್ಟಗಾಗುತ್ತದೆ. ಎರಡು ಕಡೆಯ ತೂತುಗಳು ಒಂದೇ ಗೆರೆಯಲ್ಲಿ ಇರದಿದ್ದರೆ ಹೊಸ ಪಿನ್ ಹೋಗುವುದೇ ಇಲ್ಲ. ನಾನು ತೂತನ್ನೇ ದುಂಡಗೆ ದೊಡ್ಡದು ಮಾಡಿ, ಹೊರಸುತ್ತು ದಪ್ಪ ಇರುವ ಗನ್‌ಮೆಟಲ್ ಬುಶ್ ಹಾಕಿಸುತ್ತೇನೆ. ಎರಡೂ ತೂತನ್ನು ಒಂದೇ ಸಲ ಕಟ್ಟಿ ಬೋರ್ ಹೊಡೆಯಲು ಹೇಳಿ. ಸುತ್ತ ಕನಿಷ್ಠ 5 ಮಿ.ಮೀ. ಗೋಡೆ ಉಳಿಯದಿದ್ದರೆ ಮಾತ್ರ ಬೇಡ. ಪಂಪಿನ ಮೈ ಬೀಡುಕಬ್ಬಿಣದ್ದಾದರೆ ವೆಲ್ಡಿಂಗ್‌ನವನನ್ನು ಹತ್ತಿರಕ್ಕೂ ಬಿಡಬೇಡಿ, ಬಿರುಕು ಬಿಡುತ್ತದೆ.

ಎಲ್ಲಾ ಬುಶ್ ಬದ್ಲಿಸಿದ್ವಿ. ಆದ್ರೂ ಒಂದ್ ಫೋರ್ಕ್ ಮೇಲೆ, ಒಂದ್ ಕೆಳಗೆ.

ಎರಡೂ ಉದ್ದ ರಾಡ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಬಾಗಿರುತ್ತದೆ, ಇಲ್ಲವೇ ಹೊಂದಾಣಿಕೆಯ ನಟ್ಟು ಇರುವ ಮಾಡೆಲಿನಲ್ಲಿ ಉದ್ದ ಹೆಚ್ಚುಕಡಿಮೆ ಆಗಿರುತ್ತದೆ. ರಾಡ್ ಸರಿ ಇದ್ದರೆ ಫೋರ್ಕೇ ತಿರುಚಿದೆ. ಒಂದೇ ಫೋರ್ಕಿನ ಮೇಲೆ ಪೂರ್ತಿ ಭಾರ ಹೇರಿದವರ ಟ್ರಾಲಿಗೆ ಹೀಗಾಗುತ್ತದೆ. ಯಾರೂ ಒಪ್ಪಿಕೊಳ್ಳುವುದಿಲ್ಲ.

ನಿಜವಾದ ರಬ್ಬರ್ ಬುಶ್ಶೇ ಮಾಡಿಸಿ ಹಾಕಿದ್ರೆ ಸದ್ದು ಕಮ್ಮಿ ಆಗಲ್ವಾ? ಆಗಲ್ಲ ಅಂದ್ರೆ ಲೆಕ್ಕ ಹಾಕಿ ತೋರ್ಸಿ.

ಹಾಕೋಣ. 2,500 ಕೆ.ಜಿ. ಹೊರುವ ಟ್ರಾಲಿ. ಕಡಿಮೆಯೆಂದರೂ ಅರ್ಧ ಭಾರ ಮುಂದಿನ ರೋಲರುಗಳ ಮೇಲೆ, ಅಂದರೆ 1,250. ಎರಡು ಫೋರ್ಕ್, ಒಂದಕ್ಕೆ 625 ಕೆ.ಜಿ. ಇದು ಸುಮಾರು 6,130 ನ್ಯೂಟನ್. ಅಲ್ಲಿ 20 ಮಿ.ಮೀ. ಪಿನ್ನಿಗೆ 20 ಮಿ.ಮೀ. ಉದ್ದದ ಎರಡು ಬುಶ್ ಎಂದಿಟ್ಟುಕೊಳ್ಳಿ. ಹೊರೆ ಹೊರುವ ಜಾಗ 20 ಗುಣಿಸು 20, ಅದರ ಎರಡರಷ್ಟು, ಒಟ್ಟು 800 ಚದರ ಮಿ.ಮೀ. ಭಾಗಿಸಿದರೆ ಪ್ರತಿ ಚದರ ಮಿ.ಮೀ.ಗೆ 7.7 ನ್ಯೂಟನ್. ಇದು ಟ್ರಾಲಿ ಸುಮ್ನೆ ನಿಂತಾಗ. ರಾಡಿನ ನೂಕು ಇದರ ಮೇಲೆ ಬೇರೆ. ನೆಲದ ಸಂದಿಯಲ್ಲಿ ದಡ್ ಎಂದು ಬಿದ್ದರೆ ಎರಡರಷ್ಟು ಆದೀತು.

ಗನ್‌ಮೆಟಲ್ಲಿಗೆ ಇದು ಆಟ. ಆದರೆ ಒಂದೂವರೆ ಮಿ.ಮೀ. ದಪ್ಪದ ಮೆತ್ತನೆ ರಬ್ಬರ್ ಕೊಳವೆ ಈ ಒತ್ತಡಕ್ಕೆ ಎರಡು ಬದಿಯಿಂದ ಹಿಂಡಿ ಹೊರಗೆ ಬರುತ್ತದೆ. ಇನ್ನೊಂದು ತೊಂದರೆ, ರಬ್ಬರ್ ಉಕ್ಕಿನ ಮೇಲೆ ಜಾರುವುದಿಲ್ಲ, ಕಚ್ಚಿ ಹಿಡಿಯುತ್ತದೆ. ಬೈಕಿನ ಶಾಕ್ ಅಬ್ಸಾರ್ಬರಿನಲ್ಲಿ ತಿರುಗುವುದು ಚೂರೇ ಚೂರು, ಅಲ್ಲಿ ರಬ್ಬರ್ ಜಾರದೆ ತಿರುಚಿಕೊಂಡು ವಾಪಸ್ ಬರುತ್ತದೆ. ಇಲ್ಲಿ ಚೌಕಟ್ಟು ಪ್ರತಿ ಸಲವೂ ಬಹಳ ತಿರುಗಬೇಕು. ರಬ್ಬರ್ ಹರಿದು ಚಿಂದಿಯಾಗುತ್ತದೆ.

ಸದ್ದು ಕಡಿಮೆ ಮಾಡುವುದೇ ಗುರಿಯಾದರೆ ಚಕ್ರ ಬದಲಿಸಿ. ಟೈಲ್ಸ್ ನೆಲದ ಮೇಲೆ ನೈಲಾನ್ ಚಕ್ರ ರೈಲಿನ ಹಾಗೆ ಗಡಗಡ ಎನ್ನುತ್ತದೆ. ಪಿಯು ಹಾಕಿದರೆ ಅರ್ಧ ಸದ್ದು ಅಲ್ಲಿಗೇ ನಿಲ್ಲುತ್ತದೆ. ಹ್ಯಾಂಡಲ್ ತಗಲುವ ಗುಂಡಿಗೆ ಹೊಸ ರಬ್ಬರ್ ಹಾಕಿ, ಅಲ್ಲಿ ಧಾರಾಳವಾಗಿ ಹಾಕಬಹುದು.

ಎಷ್ಟಾದ ಮೇಲೆ ಗುಜರಿಗೆ ಹಾಕೋದು?

ಪಂಪಿನ ಮೈ ಬಿರುಕು ಬಿಟ್ಟಿದ್ದರೆ, ಫೋರ್ಕಿನ ಬುಡದ ವೆಲ್ಡಿಂಗ್ ಒಡೆದಿದ್ದರೆ, ಫೋರ್ಕ್ ತಿರುಚಿದ್ದರೆ ನಾನು ಬುಶ್ ಹಾಕುವುದಿಲ್ಲ, ವಾಪಸ್ ಕಳಿಸುತ್ತೇನೆ. ಈ ಮೂರೂ ಇಲ್ಲದಿದ್ದರೆ ಹದಿನೈದು ವರ್ಷದ ಟ್ರಾಲಿಯನ್ನೂ ಎಬ್ಬಿಸಬಹುದು. ಗುಜರಿಗೆ ಹಾಕುವಾಗ ಒಳ್ಳೆಯ ಪಿನ್ನು, ಚೇನು, ರೋಲರ್ ಕಳಚಿಟ್ಟುಕೊಳ್ಳಿ. ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಗೆ ಹಾಕಿ ಹಳೆ ಎಣ್ಣೆ ಕೊಳ್ಳುವವನಿಗೆ ಕೊಡಿ. ಆ ಪಿನ್ನುಗಳ ಮೇಲೆ ಅಳತೆ ಬರೆದ ಚೀಟಿ ಕಟ್ಟಿಡಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ ಮತ್ತೆ ನನಗೇ ಫೋನ್ ಮಾಡುತ್ತೀರಿ.